ಆಕಾಶದ ಪಾಲುಪಟ್ಟಿ

1989ರ ನವೆಂಬರ್ ತಿಂಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಇರ್ವಿನ್ ಜೇಕಬ್ಸ್ ಎಂಬ ಮಾಜಿ ಪ್ರಾಧ್ಯಾಪಕರು ದೂರಸಂಪರ್ಕ ಉದ್ಯಮದ ಸುಮಾರು 250 ಮಂದಿಯ ಮುಂದೆ ಭಾಷಣ ಮಾಡುತ್ತಿದ್ದರು. ಮಾತು ಮುಗಿಯುತ್ತ ಬಂದಾಗ ಅವರ ಕಡೆಯವರೊಬ್ಬರು ದೂರದಿಂದ ಕೈಸನ್ನೆ ಮಾಡಿದರು: ನಿಲ್ಲಿಸಬೇಡಿ, ಇನ್ನಷ್ಟು ಹೊತ್ತು ಎಳೆಯಿರಿ. ಭಾಷಣ ಮುಗಿದ ಕೂಡಲೇ ಹೊಸ ಬಗೆಯ ಮೊಬೈಲ್ ಫೋನನ್ನು ವಾಹನದಲ್ಲಿಟ್ಟು ಓಡಿಸಿ ತೋರಿಸುವುದೆಂದು ಗೊತ್ತಾಗಿತ್ತು. ಆದರೆ ಟವರ್‌ಗಳ ಗಡಿಯಾರಗಳನ್ನು ಹೊಂದಿಸಬೇಕಿದ್ದ ಜಿಪಿಎಸ್ ಸಂಕೇತ ಆ ಗಳಿಗೆಯಲ್ಲೇ ಕೈಕೊಟ್ಟಿತ್ತು. ಜೇಕಬ್ಸ್ ವರ್ಷಗಟ್ಟಲೆ ಎಂಐಟಿಯಲ್ಲೂ ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿದವರು, ಮಾತಿಗೆ ಬರವಿರಲಿಲ್ಲ. ಹೇಳಿದ್ದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತ ನಿಂತರು. ಕೊನೆಗೆ ಸರಿಯಾಯಿತೆಂದು ಸನ್ನೆ ಬಂತು, ಪ್ರದರ್ಶನ ನಡೆಯಿತು.

ಕೂತು ಕೇಳುತ್ತಿದ್ದವರಲ್ಲಿ ಹೆಚ್ಚಿನವರಿಗೆ ಈ ಹೊಸ ಫೋನು ಬೇಕೇ ಆಗಿರಲಿಲ್ಲ ಎನ್ನುವುದು ಈ ಕಥೆಯ ಸ್ವಾರಸ್ಯ. ಡಿಜಿಟಲ್ ಮೊಬೈಲ್ ಹೇಗಿರಬೇಕೆಂದು ಅಮೆರಿಕದ ಮೊಬೈಲ್ ಕಂಪನಿಗಳ ಸಂಘ ಅದೇ ವರ್ಷದ ಜನವರಿಯಲ್ಲಿ ಮತ ಹಾಕಿ ತೀರ್ಮಾನಿಸಿಬಿಟ್ಟಿತ್ತು. ಅತ್ತ ಯುರೋಪ್ ಅದಕ್ಕೂ ಎರಡು ವರ್ಷ ಮೊದಲೇ ತನ್ನ ದಾರಿ ಹಿಡಿದಿತ್ತು. ಎರಡೂ ಖಂಡಗಳು ಆರಿಸಿಕೊಂಡದ್ದು ಹೆಚ್ಚುಕಡಿಮೆ ಒಂದನ್ನೇ. ಮದುವೆ ಗೊತ್ತಾದ ಮನೆಗೆ ಬೇರೊಂದು ಜಾತಕ ಹಿಡಿದು ಬಂದವರಂತೆ ಜೇಕಬ್ಸ್ ಬಂದಿದ್ದರು.

ವ್ಯಾಜ್ಯ ಏನೆಂದು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. 1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರಿನೊಳಗಿಂದ ಫೋನ್ ಮಾಡುವ ಸೇವೆ ಆರಂಭವಾಯಿತು. ಬೆಲ್ ಕಂಪನಿಯ ಆ ಉಪಕರಣದ ತೂಕ ಸುಮಾರು 36 ಕಿಲೋ. ಇಡೀ ಊರಿಗೆ ಎತ್ತರದ ಒಂದೇ ಆಂಟೆನಾ, ಬೆರಳೆಣಿಕೆಯ ಚಾನೆಲ್‌ಗಳು. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುತ್ತಿದ್ದರೆ ಆ ಚಾನೆಲ್ ಊರಿಗೆಲ್ಲ ಮುಚ್ಚಿದ ಹಾಗೆ. ಮೂವತ್ತು ವರ್ಷ ಕಳೆದರೂ ಪರಿಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. 1976ರಲ್ಲಿ ನ್ಯೂಯಾರ್ಕ್ ಪ್ರದೇಶದ ಸುಮಾರು ಒಂದು ಕೋಟಿ ಜನರಿಗೆ ಬೆಲ್‌ನ ಬಳಿ ಇದ್ದದ್ದು 12 ಚಾನೆಲ್. ಗ್ರಾಹಕರು 543, ಸಂಪರ್ಕಕ್ಕಾಗಿ ಕಾದು ಕೂತವರು 3,700 ಮಂದಿ.

ಪರಿಹಾರ ಕಾಗದದ ಮೇಲೆ 1947ರಲ್ಲೇ ಇತ್ತು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ರಿಂಗ್, ತಮ್ಮ ಸಹೋದ್ಯೋಗಿ ರೇ ಯಂಗ್ ಅವರ ಆಲೋಚನೆಗಳನ್ನೂ ಸೇರಿಸಿ, ಒಂದು ಟಿಪ್ಪಣಿ ಬರೆದಿದ್ದರು: ಊರನ್ನು ಷಡ್ಭುಜದ ಸಣ್ಣ ಸಣ್ಣ ವಲಯಗಳಾಗಿ ಒಡೆಯಿರಿ, ಪ್ರತಿ ವಲಯಕ್ಕೂ ಕಡಿಮೆ ಶಕ್ತಿಯ ಟವರ್ ಇಡಿ, ದೂರದ ವಲಯದಲ್ಲಿ ಅದೇ ಚಾನೆಲ್ಲನ್ನು ಮತ್ತೆ ಬಳಸಿ. ಅದು ಕಾರ್ಯರೂಪಕ್ಕೆ ಬರಲು ಅಗ್ಗದ ಕಂಪ್ಯೂಟರೂ ಬೇಕಿತ್ತು, ಸರ್ಕಾರದ ಅನುಮತಿಯೂ ಬೇಕಿತ್ತು. ಎರಡೂ ಕೂಡಿಬಂದು 1983ರ ಅಕ್ಟೋಬರ್ 13ರಂದು ಷಿಕಾಗೋದಲ್ಲಿ ಅಮೆರಿಕದ ಮೊದಲ ಸೆಲ್ಯುಲರ್ ಸೇವೆ ಶುರುವಾಯಿತು. ಟೋಕಿಯೋ ನಾಲ್ಕು ವರ್ಷ ಮೊದಲೇ, ಸ್ಕ್ಯಾಂಡಿನೇವಿಯಾದ ದೇಶಗಳು ಎರಡು ವರ್ಷ ಮೊದಲೇ ಈ ಕೆಲಸ ಮಾಡಿ ಮುಗಿಸಿದ್ದವು.

ಈ ಮೊದಲ ತಲೆಮಾರಿನ ಫೋನುಗಳೆಲ್ಲ ಆಕಾಶವನ್ನು ಹಂಚಿಕೊಂಡದ್ದು ರೇಡಿಯೊ ಕೇಂದ್ರಗಳು ಹಂಚಿಕೊಳ್ಳುವ ಹಾಗೆಯೇ. ಷಿಕಾಗೋದಲ್ಲಿ ಪ್ರತಿ ಕರೆಗೂ 30 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿ, ಕರೆ ಮುಗಿಯುವವರೆಗೆ ಆ ಪಟ್ಟಿ ನಿಮ್ಮದೇ. ನೀವು ಸುಮ್ಮನಿದ್ದರೂ ನಿಮ್ಮದೇ. ಎಂಜಿನಿಯರುಗಳು ಇದನ್ನು ಎಫ್‌ಡಿಎಂಎ ಎನ್ನುತ್ತಾರೆ, ಫ್ರೀಕ್ವೆನ್ಸಿಯ ಲೆಕ್ಕದಲ್ಲಿ ಪಾಲು. ಸರಳ, ಒಪ್ಪ. ಇಲ್ಲಿ ಕಷ್ಟವೆಲ್ಲ ಫಿಲ್ಟರುಗಳ ಮೇಲೆ ಬೀಳುತ್ತದೆ: ಪಕ್ಕದ ಪಟ್ಟಿಯ ಸದ್ದು ಒಳಗೆ ಬರಬಾರದು. ಅಕ್ಕಪಕ್ಕದ ವಲಯಗಳಲ್ಲಿ ಒಂದೇ ಪಟ್ಟಿ ಬಳಸುವಂತಿಲ್ಲವಾದ್ದರಿಂದ ಇರುವ ಪಟ್ಟಿಗಳನ್ನು ಏಳು ವಲಯಗಳಿಗೆ ಹಂಚಬೇಕು. ಆಗಿನ ಲೆಕ್ಕ ನೋಡಿ: ಒಟ್ಟು 666 ಚಾನೆಲ್, ಇಬ್ಬರು ಸೇವಾದಾರರಿಗೆ ತಲಾ 333. ಅದರಲ್ಲಿ ನಿಯಂತ್ರಣಕ್ಕೆ 21 ಹೋದರೆ ಉಳಿದದ್ದು 312, ಏಳರಿಂದ ಭಾಗಿಸಿದರೆ ಒಂದು ವಲಯದಲ್ಲಿ ಒಂದೇ ಹೊತ್ತಿಗೆ 45 ಕರೆಗೂ ತುಸು ಕಡಿಮೆ. ದೊಡ್ಡ ನಗರಗಳಲ್ಲಿ ಕೆಲವೇ ವರ್ಷಗಳಲ್ಲಿ ಇದು ತುಂಬಿ ತುಳುಕಿತು.

ಯುರೋಪಿನ ತಾಪತ್ರಯ ಬೇರೆ ಥರದ್ದು. ದೇಶಕ್ಕೊಂದು ವ್ಯವಸ್ಥೆ, ಗಡಿ ದಾಟಿದರೆ ಫೋನು ಕೆಲಸಕ್ಕೆ ಬಾರದ ಪೆಟ್ಟಿಗೆ. 1982ರಲ್ಲಿ ಅಲ್ಲಿನ ಅಂಚೆ ಮತ್ತು ದೂರವಾಣಿ ಇಲಾಖೆಗಳ ಒಕ್ಕೂಟ ಒಂದು ತಂಡ ಕಟ್ಟಿತು. ಫ್ರೆಂಚಿನಲ್ಲಿ ಅದರ ಹೆಸರು ಗ್ರೂಪ್ ಸ್ಪೆಸಿಯಾಲ್ ಮೊಬೀಲ್, ಜಿಎಸ್‌ಎಂ. ಸ್ವೀಡನ್ನಿನ ಥಾಮಸ್ ಹೌಗ್ ಅಧ್ಯಕ್ಷರು. 1986ರ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಎಂಟು ಮಾದರಿಗಳನ್ನು ಪರೀಕ್ಷೆಗೆ ಒಡ್ಡಲಾಯಿತು. ದೊಡ್ಡ ದೊಡ್ಡ ಕಂಪನಿಗಳ ಮಾದರಿಗಳ ನಡುವೆ ನಾರ್ವೆಯ ಟ್ರೊಂಡ್‌ಹೈಮ್‌ನ ಸಂಶೋಧನಾಲಯವೊಂದರ ಪುಟ್ಟ ತಂಡ ಮುಂದೆ ಬಂತು. ಕಟ್ಟಡ, ಬೆಟ್ಟಗಳಿಗೆ ಬಡಿದು ತಡವಾಗಿ ಬರುವ ಪ್ರತಿಧ್ವನಿಗಳ ರಾಶಿಯಿಂದ ಅಸಲು ಮಾತನ್ನು ಹೆಕ್ಕಿ ತೆಗೆಯುವುದರಲ್ಲಿ ಅವರ ಯಂತ್ರ ನಿಸ್ಸೀಮ. ಅದಕ್ಕೆ ಅವರು ನೆಚ್ಚಿದ ಗಣಿತ ಆಂಡ್ರ್ಯೂ ವಿಟರ್ಬಿ ಎಂಬುವರು 1967ರಲ್ಲಿ ಪ್ರಕಟಿಸಿದ ಸೂತ್ರ. ಈ ಹೆಸರು ನೆನಪಿರಲಿ, ಎದುರು ಪಾಳೆಯದಲ್ಲಿ ಮತ್ತೆ ಸಿಗುತ್ತಾರೆ.

1987ರ ಫೆಬ್ರುವರಿಯಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದಲ್ಲಿ ಸಭೆ. ಬಹುತೇಕ ಎಲ್ಲ ದೇಶಗಳೂ ಕಿರಿದಾದ ಪಟ್ಟಿಯ ಟಿಡಿಎಂಎ, ಅಂದರೆ ಸಮಯದ ಲೆಕ್ಕದ ಪಾಲು, ಇರಲಿ ಎಂದವು. ಫ್ರಾನ್ಸ್ ಮತ್ತು ಜರ್ಮನಿ ಒಪ್ಪಲಿಲ್ಲ. ಅವರ ಕಂಪನಿಗಳು ಅಗಲ ಪಟ್ಟಿಯ ಬೇರೊಂದು ಮಾದರಿಗೆ ಹಣ ಸುರಿದಿದ್ದವು. ತಂತ್ರಜ್ಞರ ಸಭೆಯಲ್ಲಿ ಬಗೆಹರಿಯದ ಜಗಳ ಮಂತ್ರಿಗಳ ಮಟ್ಟಕ್ಕೆ ಹೋಗಿ, ಮೇ ತಿಂಗಳಲ್ಲಿ ಬಾನ್ ನಗರದಲ್ಲಿ ಇತ್ಯರ್ಥವಾಯಿತು. ಸೆಪ್ಟೆಂಬರ್ 7ರಂದು ಕೋಪನ್‌ಹೇಗನ್ನಿನಲ್ಲಿ 13 ದೇಶಗಳ ಪ್ರತಿನಿಧಿಗಳು ಒಪ್ಪಂದಕ್ಕೆ ಸಹಿ ಹಾಕಿದರು. ಮಡೈರಾದಲ್ಲಿ ಗೆದ್ದದ್ದು ಎಲ್ಲಕ್ಕಿಂತ ಚತುರ ವಿನ್ಯಾಸವೇನಲ್ಲ. ಎಲ್ಲರೂ ನಾಲ್ಕು ವರ್ಷದೊಳಗೆ ಕಟ್ಟಿ ನಿಲ್ಲಿಸಬಲ್ಲೆವು ಎಂದು ನಂಬಿದ ವಿನ್ಯಾಸ ಗೆದ್ದಿತು. ಈ ವ್ಯತ್ಯಾಸ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು ಎಂಟು ಫೋನುಗಳು ಸರದಿಯ ಮೇಲೆ ಬಳಸುತ್ತವೆ. ಒಂದು ಸರದಿ 577 ಮೈಕ್ರೊಸೆಕೆಂಡು, ಎಂಟು ಸರದಿ ಮುಗಿಯಲು 4.615 ಮಿಲಿಸೆಕೆಂಡು. ನಿಮ್ಮ ಮಾತು ಚೂರುಚೂರಾಗಿ, ಒತ್ತಿ ಕಟ್ಟಿದ ಪೊಟ್ಟಣಗಳಾಗಿ ಹೋಗುತ್ತದೆ, ಕಿವಿಗೆ ಮಾತ್ರ ಅಖಂಡವಾಗಿ ಕೇಳುತ್ತದೆ. ಇಲ್ಲಿ ಫಿಲ್ಟರಿನ ಭಾರ ಇಳಿದು ಗಡಿಯಾರದ ಹೆಗಲಿಗೆ ಬಂತು. ಟವರ್‌ನಿಂದ 20 ಕಿಲೋಮೀಟರ್ ದೂರದ ಫೋನಿನ ಸಂಕೇತ ತಲುಪುವುದು ಬುಡದಲ್ಲಿರುವ ಫೋನಿನದ್ದಕ್ಕಿಂತ ತುಸು ತಡ. ಆ ತಡದಲ್ಲಿ ಅದು ಮುಂದಿನವರ ಸರದಿಯ ಮೇಲೆ ಹೋಗಿ ಬೀಳುತ್ತದೆ. ಅದಕ್ಕಾಗಿ ಟವರ್ ಪ್ರತಿ ಫೋನಿಗೂ ಎಷ್ಟು ಮುಂಚಿತವಾಗಿ ಕಳಿಸಬೇಕೆಂದು ಹೇಳುತ್ತಲೇ ಇರುತ್ತದೆ. ಒಂದೊಂದು ಮೆಟ್ಟಿಲು ಸುಮಾರು 550 ಮೀಟರಿನದು, 63 ಮೆಟ್ಟಿಲು ಮುಗಿದರೆ ವ್ಯವಸ್ಥೆಯ ಕೈ ಮುಗಿಯಿತು. ಹಾಗಾಗಿ ಸಿಗ್ನಲ್ ಎಷ್ಟೇ ಜೋರಾಗಿ ಸಿಕ್ಕರೂ ಮಾಮೂಲಿ ಜಿಎಸ್‌ಎಂ ಟವರ್‌ನ ಆಳ್ವಿಕೆ 35 ಕಿಲೋಮೀಟರಿಗೆ ನಿಲ್ಲುತ್ತದೆ.

ಈ ಸರದಿಯ ಸದ್ದನ್ನು ನಾವೆಲ್ಲ ಕಿವಿಯಾರೆ ಕೇಳಿದ್ದೇವೆ. ಟಿವಿ, ರೇಡಿಯೊ ಪಕ್ಕ ಮೊಬೈಲ್ ಇಟ್ಟಿದ್ದರೆ ಕರೆ ಬರುವ ಮುನ್ನವೇ ಸ್ಪೀಕರಿನಲ್ಲಿ ‘ಟಟಟ್ ಟಟಟ್ ಟಟಟ್’ ಎನ್ನುತ್ತಿತ್ತಲ್ಲ, ಅದು ಸೆಕೆಂಡಿಗೆ 217 ಸಲ ತನ್ನ ಸರದಿ ಬಂದಾಗ ಮಾತ್ರ ಹೊತ್ತಿ ಆರುವ ಜಿಎಸ್‌ಎಂ ಟ್ರಾನ್ಸ್‌ಮಿಟರಿನ ಸದ್ದು. 4.615 ಮಿಲಿಸೆಕೆಂಡಿಗೆ ಒಂದು ಸಲ ಎಂದರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಆಕಾಶವನ್ನು ಪಾಲು ಮಾಡುವ ತಂತ್ರವೊಂದು ಮನೆಮಂದಿಯ ಕಿವಿಗೆ ಬಿದ್ದದ್ದು ಅದೊಂದೇ ಇರಬೇಕು.

ಅಮೆರಿಕದಲ್ಲಿ ಹೊಸ ತರಂಗಾಂತರ ಸಿಗುವ ಲಕ್ಷಣ ಇರಲಿಲ್ಲ. ಇರುವ ಪಟ್ಟಿಗಳಲ್ಲೇ ಹಳೆಯ ಫೋನುಗಳನ್ನೂ ಇಟ್ಟುಕೊಂಡು ಹೊಸದನ್ನು ತರಬೇಕು. 1988ರಲ್ಲಿ ಅಲ್ಲಿನ ಸಂಘ ಮುಂದಿಟ್ಟ ಬೇಡಿಕೆ, ಹಳೆಯದಕ್ಕಿಂತ ಹತ್ತು ಪಟ್ಟು ಕರೆಗಳು ಬೇಕು ಎಂದು. ಮೊಟೊರೊಲಾದಂಥವರು ಪಟ್ಟಿಗಳನ್ನೇ ಇನ್ನಷ್ಟು ಕಿರಿದು ಮಾಡಿದರೆ ಸಾಕೆಂದರು. ಎರಿಕ್ಸನ್ ಸರದಿ ಪದ್ಧತಿಯ ಪರ ನಿಂತಿತು. 1989ರ ಜನವರಿಯಲ್ಲಿ ಸರದಿ ಗೆದ್ದಿತು. ಆದರೆ ಆ ಅಮೆರಿಕನ್ ಟಿಡಿಎಂಎ ಒಂದು 30 ಕಿಲೋಹರ್ಟ್ಸ್ ಪಟ್ಟಿಯನ್ನು ಮೂವರಿಗಷ್ಟೇ ಹಂಚುತ್ತಿತ್ತು. ಕೇಳಿದ್ದು ಹತ್ತು ಪಟ್ಟು, ಕೈಗೆ ಬಂದದ್ದು ಮೂರು. ಜೇಕಬ್ಸ್ ನುಗ್ಗಿದ್ದು ಈ ಏಳು ಪಟ್ಟಿನ ಸಂದಿಯಲ್ಲಿ.

ಜೇಕಬ್ಸ್ ಮತ್ತು ವಿಟರ್ಬಿ ಹಳೆಯ ಜೊತೆಗಾರರು. ಇಬ್ಬರೂ ಎಂಐಟಿಯಲ್ಲಿ ಕಲಿತವರು, 1968ರಲ್ಲಿ ಲಿಂಕಬಿಟ್ ಎಂಬ ಕಂಪನಿ ಕಟ್ಟಿ, ಸೇನೆಗೂ ಉಪಗ್ರಹಗಳಿಗೂ ಸಂಪರ್ಕ ಸಾಧನ ಮಾಡಿ, ಮಾರಿ ಹೊರಬಂದವರು. 1985ರ ಜುಲೈಯಲ್ಲಿ ಏಳು ಜನ ಸೇರಿ ಕ್ವಾಲ್‌ಕಾಮ್ ಶುರುಮಾಡಿದರು. ಅದೇ ವರ್ಷ ಲಾಸ್ ಏಂಜಲೀಸ್ ಕಡೆಯಿಂದ ಸ್ಯಾನ್ ಡಿಯಾಗೋಗೆ ಕಾರಿನಲ್ಲಿ ಮರಳುವಾಗ, ಸೇನೆ ಬಳಸುವ ಸಿಡಿಎಂಎಯನ್ನು, ಅಂದರೆ ಸಂಕೇತದ ಲೆಕ್ಕದ ಪಾಲನ್ನು, ಮೊಬೈಲ್ ಫೋನಿಗೂ ಯಾಕೆ ತರಬಾರದು ಎಂದು ಜೇಕಬ್ಸ್‌ಗೆ ಹೊಳೆಯಿತಂತೆ. ಜೊತೆಗಿದ್ದವರು ಕ್ಲೈನ್ ಗಿಲ್‌ಹೌಸನ್. 1986ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಆದರೆ ಹೊಟ್ಟೆಪಾಡಿಗೆ ಕಂಪನಿ ನಡೆಸುತ್ತಿದ್ದದ್ದು ಲಾರಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ವ್ಯವಹಾರವನ್ನು.

ಸಿಡಿಎಂಎಯಲ್ಲಿ ಪಟ್ಟಿಯೂ ಇಲ್ಲ, ಸರದಿಯೂ ಇಲ್ಲ. ಎಲ್ಲರೂ ಒಂದೇ ಅಗಲವಾದ ಪಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ ಮಾತಾಡುತ್ತಾರೆ. ಪ್ರತಿಯೊಬ್ಬರ ಮಾತಿನ ಒಂದೊಂದು ಬಿಟ್ಟನ್ನೂ ನೂರಾರು ತುಣುಕುಗಳ, ಅವರದೇ ಆದ ಒಂದು ಸಂಕೇತದಿಂದ ಗುಣಿಸಿ ಹರಡುತ್ತಾರೆ. ಕ್ವಾಲ್‌ಕಾಮ್‌ನ ವ್ಯವಸ್ಥೆಯಲ್ಲಿ ಇದು ಸೆಕೆಂಡಿಗೆ 12,28,800 ತುಣುಕು. ಕೇಳುವವರ ಬಳಿ ಅದೇ ಸಂಕೇತ ಇದ್ದರೆ ಆ ಒಂದು ಮಾತು ಮೇಲೆದ್ದು ಬರುತ್ತದೆ, ಮಿಕ್ಕವರದ್ದೆಲ್ಲ ತೆಳುವಾದ ಗೌಜಾಗಿ ತಳದಲ್ಲಿ ಉಳಿಯುತ್ತದೆ. ಶತ್ರು ಕೇಳಬಾರದು, ಕೇಳಿದರೂ ಕೆಡಿಸಲಾಗಬಾರದು ಎಂದು ಸೇನೆಗಳು ದಶಕಗಳ ಕಾಲ ಬಳಸಿದ ಉಪಾಯ ಇದು.

ಈ ಹಂತದಲ್ಲಿ ಹಾಲಿವುಡ್ ತಾರೆ ಹೆಡಿ ಲಮಾರ್ ಕಥೆ ಹೇಳುವುದು ವಾಡಿಕೆ. ಅವರೂ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಅವರೂ ಸೇರಿ 1942ರ ಆಗಸ್ಟಿನಲ್ಲಿ ಪೇಟೆಂಟ್ ಪಡೆದದ್ದು ನಿಜ. ಟಾರ್ಪೀಡೊಗೆ ಕಳಿಸುವ ಸಂಕೇತ 88 ಫ್ರೀಕ್ವೆನ್ಸಿಗಳ ನಡುವೆ ನೆಗೆಯುತ್ತಿರಬೇಕು, ನೆಗೆತದ ಕ್ರಮವನ್ನು ಸ್ವಯಂಚಾಲಿತ ಪಿಯಾನೋದ ತೂತು ಕಾಗದ ನಿರ್ಧರಿಸಬೇಕು ಎಂಬ ಸೊಗಸಾದ ಕಲ್ಪನೆ ಅದು. ಆದರೆ ನೆಗೆಯುವುದು ಬೇರೆ, ಹರಡುವುದು ಬೇರೆ. ಲಮಾರ್ ಇಲ್ಲದಿದ್ದರೆ ಸಿಡಿಎಂಎ ಇರುತ್ತಿರಲಿಲ್ಲ ಎನ್ನುವುದು ಪತ್ರಿಕೆಗಳಿಗೆ ಒಪ್ಪುವ ಮಾತು, ಎಂಜಿನಿಯರಿಂಗಿಗೆ ಅಲ್ಲ.

ಸಿಡಿಎಂಎಗೆ ಪ್ರಾಣಸಂಕಟ ತಂದದ್ದು ದೂರ–ಹತ್ತಿರದ ಸಮಸ್ಯೆ. ಕಾಲುವೆಯ ತೂಬಿನ ಪಕ್ಕ ಗದ್ದೆ ಇರುವವರು ಬೇಕಾದಷ್ಟು ನೀರು ಎಳೆದುಕೊಂಡರೆ ಕೊನೆ ಭಾಗದ ರೈತರಿಗೆ ಹನಿಯೂ ತಲುಪುವುದಿಲ್ಲ. ತುಂಗಭದ್ರೆಯ ಕಾಲುವೆಗಳ ಉದ್ದಕ್ಕೂ ಪ್ರತಿ ವರ್ಷ ನಡೆಯುವ ಜಗಳ ಅದೇ. ಟವರ್‌ನ ಬುಡದಲ್ಲೂ ಹಾಗೆಯೇ. ನಗರದಲ್ಲಿ ಸಿಗ್ನಲ್ ದೂರದ ನಾಲ್ಕನೇ ಘಾತದಷ್ಟು ಕುಗ್ಗುತ್ತದೆಂದು ಇಟ್ಟುಕೊಂಡರೆ, 100 ಮೀಟರ್ ಹತ್ತಿರದ ಫೋನು 5 ಕಿಲೋಮೀಟರ್ ದೂರದ ಫೋನಿಗಿಂತ 60 ಲಕ್ಷ ಪಟ್ಟಿಗೂ ಹೆಚ್ಚು ಜೋರಾಗಿ ಕೇಳುತ್ತದೆ. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಹತ್ತಿರದವನ ‘ತೆಳು ಗೌಜು’ ದೂರದವನನ್ನು ಮುಳುಗಿಸಿಬಿಡುತ್ತದೆ. ಫಿಲ್ಟರ್ ಹೋಯಿತು, ಸರದಿಯ ಗಡಿಯಾರವೂ ಹೋಯಿತು, ಭಾರವೆಲ್ಲ ಈಗ ಶಕ್ತಿಯ ಹತೋಟಿಯ ಮೇಲೆ. ಕ್ವಾಲ್‌ಕಾಮ್ ಕಂಡುಕೊಂಡ ದಾರಿ ನಿಷ್ಕರುಣೆಯದು: ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ ‘ಏರಿಸು’, ‘ಇಳಿಸು’ ಎಂದು ಆಜ್ಞೆ ಕೊಡುತ್ತಿರಬೇಕು. ಎಲ್ಲರ ದನಿಯೂ ಟವರ್‌ಗೆ ಒಂದೇ ಸಮನಾಗಿ ಬಂದು ಮುಟ್ಟಬೇಕು. ಚಲಿಸುವ ಕಾರಿನಲ್ಲಿ, ಸೇತುವೆಯ ಕೆಳಗೆ, ತಿರುವಿನಲ್ಲಿ ಇದು ನಡೆಯಲಾರದು ಎನ್ನುವುದೇ ವಿರೋಧಿಗಳ ಮುಖ್ಯ ವಾದವಾಗಿತ್ತು.

ನಡೆದರೆ ಲಾಭ ಎಲ್ಲಿಂದ? ಇದನ್ನು ಆಗಲೂ ಈಗಲೂ ತಪ್ಪಾಗಿ ಹೇಳುವವರೇ ಹೆಚ್ಚು. ಸಂಕೇತದ ಮಾಯೆಯಿಂದ ಆಕಾಶ ಹಿಗ್ಗುವುದಿಲ್ಲ. ಒಂದೇ ಒಂದು ಟವರ್ ಮಾತ್ರ ಇದ್ದರೆ ಮೂರೂ ಪದ್ಧತಿಗಳಿಗೆ ಸಿಗುವ ಜಾಗ ಒಂದೇ, ಸಿಡಿಎಂಎ ತುಸು ಹಿಂದೆ ಬಿದ್ದರೂ ಅಚ್ಚರಿಯಿಲ್ಲ. ಅದರ ಗಳಿಕೆ ಬೇರೆ ಕಡೆ ಇತ್ತು. ಫೋನಿನಲ್ಲಿ ಒಬ್ಬ ಮನುಷ್ಯ ನಿಜವಾಗಿ ಮಾತಾಡುವುದು ಶೇ 40ಕ್ಕಿಂತ ಕಡಿಮೆ ಹೊತ್ತು, ಉಳಿದದ್ದು ಕೇಳುವುದು, ಹೂಂಗುಟ್ಟುವುದು. ಪಟ್ಟಿ ಅಥವಾ ಸರದಿ ಕೊಟ್ಟುಬಿಟ್ಟರೆ ಆ ಮೌನ ಹೆಚ್ಚುಕಡಿಮೆ ವ್ಯರ್ಥ. ಸಿಡಿಎಂಎಯಲ್ಲಿ ಒಬ್ಬರು ಸುಮ್ಮನಾದ ಕೂಡಲೇ ಉಳಿದವರಿಗೆಲ್ಲ ಅಷ್ಟು ಗೌಜು ಕಡಿಮೆ. ಇನ್ನೊಂದು, ಅಕ್ಕಪಕ್ಕದ ವಲಯಗಳೂ ಒಂದೇ ಪಟ್ಟಿ ಬಳಸಬಹುದು. ಏಳರಿಂದ ಭಾಗಿಸುವ ಗೋಳು ತಪ್ಪಿತು. ಜನರ ಮೌನವನ್ನೂ ನೆರೆಹೊರೆಯ ಗದ್ದಲವನ್ನೂ ಸರಾಸರಿಗೆ ಹಾಕಿ ಲೆಕ್ಕ ಮಾಡಿದ್ದೇ ಅವರ ಜಾಣ್ಮೆ. ಹಳೆಯ ವ್ಯವಸ್ಥೆಗಿಂತ 20 ಪಟ್ಟು, ಒಮ್ಮೊಮ್ಮೆ 40 ಪಟ್ಟು ಎಂದೂ ಕ್ವಾಲ್‌ಕಾಮ್ ಹೇಳಿಕೊಂಡಿತು. ಇದು ಭೌತಶಾಸ್ತ್ರದ ನಿಯಮಗಳನ್ನೇ ಮೀರಿದ ಮಾತು ಎಂದು ಹಂಗಿಸಿದವರಿದ್ದರು. ಬೀದಿಗೆ ಬಂದಾಗ ಸಿಕ್ಕದ್ದು ಅವರ ಹೇಳಿಕೆಗಿಂತ ಸಾಕಷ್ಟು ಕಡಿಮೆ, ಟಿಡಿಎಂಎಯ ಮೂರು ಪಟ್ಟಿಗಿಂತ ಹೆಚ್ಚು. ಎರಡೂ ಕಡೆಯವರು ತಾವೇ ಗೆದ್ದೆವೆಂದುಕೊಳ್ಳಲು ಅಷ್ಟು ಸಾಕಾಯಿತು.

ಸ್ಯಾನ್ ಡಿಯಾಗೋದ ಬಳಿಕ 1990ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ನಡುವೆ ಎರಡನೇ ಪರೀಕ್ಷೆ. ಅಲ್ಲಿ ಗೋಡೆಗಳಿಗೆ ಬಡಿದು ಬರುವ ಪ್ರತಿಧ್ವನಿಗಳೇ ಸಿಡಿಎಂಎಗೆ ಬಲವಾದವು. ಎಂಐಟಿಯ ಪ್ರೈಸ್ ಮತ್ತು ಗ್ರೀನ್ 1958ರಲ್ಲಿ ವಿವರಿಸಿದ್ದ ‘ರೇಕ್’ ರಿಸೀವರ್ ಒಂದೊಂದು ಪ್ರತಿಧ್ವನಿಯನ್ನೂ ಬೇರೆ ಬೇರೆ ಹಿಡಿದು ಕೂಡಿಸಿಬಿಡುತ್ತಿತ್ತು. 1993ರಲ್ಲಿ ಅಮೆರಿಕದ ಸಂಘ ಸಿಡಿಎಂಎಯನ್ನೂ ಎರಡನೇ ಮಾನದಂಡವೆಂದು ಒಪ್ಪಿಕೊಂಡಿತು. 1995ರಲ್ಲಿ ಹಾಂಗ್‌ಕಾಂಗಿನಲ್ಲಿ ಮೊದಲ ವಾಣಿಜ್ಯ ಸೇವೆ. ಆದರೆ ಕ್ವಾಲ್‌ಕಾಮ್‌ಗೆ ಜೀವ ಕೊಟ್ಟದ್ದು ದಕ್ಷಿಣ ಕೊರಿಯಾ. ಜಿಎಸ್‌ಎಂ ತಂದರೆ ಯುರೋಪಿನ ಕಂಪನಿಗಳ ಬೆನ್ನು ಹತ್ತಿ ಓಡಬೇಕಾಗುತ್ತದೆ, ಯಾರೂ ಮುಟ್ಟದ ತಂತ್ರವಾದರೆ ನಾವೇ ಮೊದಲಿಗರು ಎನ್ನುವುದು ಅಲ್ಲಿನ ಸರ್ಕಾರದ ಲೆಕ್ಕಾಚಾರ. ದೇಶಕ್ಕೆಲ್ಲ ಸಿಡಿಎಂಎಯೇ ಎಂದು ಕಟ್ಟಪ್ಪಣೆಯಾಯಿತು. 1996ರ ಜನವರಿಯಲ್ಲಿ ಸೇವೆ ಶುರುವಾಯಿತು. ಸ್ಯಾಮ್‌ಸಂಗ್, ಎಲ್‌ಜಿ ಮೊಬೈಲ್ ಫೋನಿನಲ್ಲಿ ಪಳಗಿದ್ದು ಆ ಪಂದ್ಯದಲ್ಲೇ.

ಈ ಜಗಳ ನಮ್ಮ ಮನೆಬಾಗಿಲಿಗೂ ಬಂತು. 1995ರ ಜುಲೈ 31ರಂದು ಕಲ್ಕತ್ತಾದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ಕರೆ ಮಾಡಿದ ಮೊದಲ ಮೊಬೈಲ್ ಜಿಎಸ್‌ಎಂನದು. ಬೆಂಗಳೂರಿಗೆ ಬಂದ ಜೆಟಿಎಂ, ಸ್ಪೈಸ್ ಕಂಪನಿಗಳೂ ಅದೇ ಗುಂಪು. ಆಗ ಒಳಬರುವ ಕರೆಗೂ ದುಡ್ಡು. ಸ್ಥಿರ ದೂರವಾಣಿಯ ಪರವಾನಗಿ ಪಡೆದವರು ತಂತಿ ಎಳೆಯುವ ಬದಲು ರೇಡಿಯೊ ಮೂಲಕ ಮನೆಗೆ ಸಂಪರ್ಕ ಕೊಡಬಹುದೆಂಬ ಡಬ್ಲ್ಯುಎಲ್‌ಎಲ್ ವ್ಯವಸ್ಥೆಯ ಹಿತ್ತಿಲ ಬಾಗಿಲಿನಿಂದ ಸಿಡಿಎಂಎ ಒಳಬಂತು. 2001ರ ಜನವರಿಯಲ್ಲಿ ಸರ್ಕಾರ ಅದಕ್ಕೆ ‘ಸೀಮಿತ ಸಂಚಾರ’ವನ್ನೂ ಸೇರಿಸಿತು: ಹೆಚ್ಚುಕಡಿಮೆ ಒಂದು ತಾಲ್ಲೂಕಿನಷ್ಟು ವ್ಯಾಪ್ತಿಯಲ್ಲಿ ಫೋನನ್ನು ಜೇಬಿನಲ್ಲಿಟ್ಟು ಓಡಾಡಬಹುದು. ಕೋಟಿಗಟ್ಟಲೆ ಸುರಿದು ಪರವಾನಗಿ ಪಡೆದಿದ್ದ ಜಿಎಸ್‌ಎಂ ಕಂಪನಿಗಳು ಸಿಡಿದೆದ್ದವು. ವ್ಯಾಜ್ಯ ದೂರಸಂಪರ್ಕ ನ್ಯಾಯಮಂಡಳಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು, ಮತ್ತೆ ನ್ಯಾಯಮಂಡಳಿಗೆ ಬಂತು. ಅದರ ನಡುವೆಯೇ 2002ರ ಡಿಸೆಂಬರ್ 28ರಂದು ರಿಲಯನ್ಸ್ ತನ್ನ ಸಿಡಿಎಂಎ ಸೇವೆ ಉದ್ಘಾಟಿಸಿತು. ಮರುವರ್ಷ ಮಳೆಗಾಲದಲ್ಲಿ 501 ರೂಪಾಯಿ ಮೊದಲ ಕಂತು ಕಟ್ಟಿದರೆ ಕೈಗೆ ಫೋನು ಎಂದಿತು. 2003ರ ನವೆಂಬರಿನಲ್ಲಿ ಏಕೀಕೃತ ಪರವಾನಗಿ ಬಂದು, ರಿಲಯನ್ಸ್ 1,500 ಕೋಟಿ ರೂಪಾಯಿಗೂ ಹೆಚ್ಚು ಶುಲ್ಕ ಮತ್ತು ದಂಡ ಕಟ್ಟಿ, ತಾಲ್ಲೂಕಿನ ಬೇಲಿ ಬಿತ್ತು.

ಅಮೆರಿಕದಲ್ಲಿ ಎಂಜಿನಿಯರುಗಳು ಪ್ರಬಂಧ ಬರೆದು ಹೊಡೆದಾಡಿದರೆ ನಮ್ಮಲ್ಲಿ ವಕೀಲರು ಅದನ್ನು ಮುಂದುವರಿಸಿದರು ಎನ್ನಬಹುದು. ನಮ್ಮಲ್ಲಿ ಕೊನೆಗೆ ತೀರ್ಪು ಕೊಟ್ಟದ್ದು ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಚೂರು. ಜಿಎಸ್‌ಎಂ ಫೋನಿನಲ್ಲಿ ಸಿಮ್ ಇತ್ತು, ಅದನ್ನು ತೆಗೆದು ಬೇರೆ ಫೋನಿಗೆ ಹಾಕಬಹುದಿತ್ತು. ಅಂದಿನ ಹೆಚ್ಚಿನ ಸಿಡಿಎಂಎ ಫೋನುಗಳಲ್ಲಿ ಸಿಮ್ಮೇ ಇಲ್ಲ, ಕಂಪನಿ ಬಿಟ್ಟರೆ ಫೋನೂ ಬಿಟ್ಟಂತೆ. ಅಂಗಡಿಯಲ್ಲಿ ಹೊಸ ಮಾದರಿ, ಹಳೆ ಮಾದರಿ, ಸೆಕೆಂಡ್ ಹ್ಯಾಂಡ್ ಎಲ್ಲ ಸಿಗುವ ಜಿಎಸ್‌ಎಂ ಸಂತೆಯ ಎದುರು ಸಿಡಿಎಂಎ ಬಡವಾಯಿತು. ಧ್ವನಿ ಚೆನ್ನಾಗಿದೆ, ಒಳನಾಡಿನಲ್ಲೂ ಸಿಗ್ನಲ್ ಸಿಗುತ್ತದೆ ಎಂಬ ಗುಣಗಳು ಲೆಕ್ಕಕ್ಕೆ ಬರಲಿಲ್ಲ. 2008ರಲ್ಲಿ ರಿಲಯನ್ಸೂ ಜಿಎಸ್‌ಎಂಗೆ ತರಂಗಾಂತರ ಪಡೆಯಿತು.

ಯುರೋಪಿನಲ್ಲಿ ಅಷ್ಟರೊಳಗೆ ವಿಚಿತ್ರವೊಂದು ಜರುಗಿತ್ತು. ಮೂರನೇ ತಲೆಮಾರಿಗೆ ಏನಿರಬೇಕೆಂದು 1998ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದಾಗ ಎದುರಿಗೆ ಐದು ಪ್ರಸ್ತಾವಗಳು. ಸಿಡಿಎಂಎಯನ್ನು ಹತ್ತು ವರ್ಷ ಬೈದಿದ್ದ ಯುರೋಪ್, ಅದರದೇ ಅಗಲವಾದ ರೂಪ ಡಬ್ಲ್ಯುಸಿಡಿಎಂಎಯನ್ನು ಆರಿಸಿತು. ಬೇಕಿದ್ದ ಬಹುಮತ ಸಿಗದೆ, ಸಮಯ–ಸಂಕೇತ ಎರಡನ್ನೂ ಬೆರೆಸಿದ ಇನ್ನೊಂದು ಮಾದರಿಗೂ ಒಂದು ಮೂಲೆಯಲ್ಲಿ ಜಾಗ ಕೊಟ್ಟು ರಾಜಿಯಾಯಿತು. ಅಮೆರಿಕದ ಸೇನೆಯ ಜಿಪಿಎಸ್‌ಗೆ ತಮ್ಮ ಟವರ್‌ಗಳ ಗಡಿಯಾರ ಒಪ್ಪಿಸಲು ಮಾತ್ರ ಅವರು ತಯಾರಿರಲಿಲ್ಲ. ಡಬ್ಲ್ಯುಸಿಡಿಎಂಎ ಟವರ್‌ಗಳು ಪರಸ್ಪರ ಹೊಂದಿಸಿಕೊಳ್ಳದೆಯೇ ನಡೆಯುವಂತೆ ರೂಪಿಸಿದರು. ಪೇಟೆಂಟುಗಳ ಮೇಲೆ ಎರಿಕ್ಸನ್ ಮತ್ತು ಕ್ವಾಲ್‌ಕಾಮ್ ನಡೆಸಿದ ದಾವೆಗಳು 1999ರ ಮಾರ್ಚಿನಲ್ಲಿ ರಾಜಿಯಲ್ಲಿ ಮುಗಿದವು. ಪ್ಯಾರಿಸ್ಸಿನಲ್ಲಿ ಸೋತ ಪ್ರಸ್ತಾವಗಳಲ್ಲಿ ಒಎಫ್‌ಡಿಎಂಎಯೂ ಒಂದಿತ್ತು. ಅಂದು ಅದರ ಕಡೆ ತಿರುಗಿ ನೋಡಿದವರು ಕಡಿಮೆ.

ಗೆದ್ದ ಸಿಡಿಎಂಎ ಒಳಗಿನಿಂದಲೇ ಸಡಿಲವಾಗತೊಡಗಿತ್ತು. ಮೌನವನ್ನು ಲಾಭವಾಗಿ ಎಣಿಸುವ ಲೆಕ್ಕ ಮಾತಿಗೆ ಸರಿ, ಇಂಟರ್‌ನೆಟ್ಟಿಗೆ ಆಗದು. ಡೇಟಾ ಒಮ್ಮೆಗೇ ಧೋ ಎಂದು ಬರುತ್ತದೆ, ಮತ್ತೆ ಏನೂ ಇಲ್ಲ. ಅದಕ್ಕೆ ಕ್ವಾಲ್‌ಕಾಮ್ ತಾನೇ ತಯಾರಿಸಿದ ಇವಿ–ಡಿಒ ವ್ಯವಸ್ಥೆಯಲ್ಲಿ ಟವರ್ ತನ್ನ ಪೂರ್ತಿ ಶಕ್ತಿಯನ್ನು 1.67 ಮಿಲಿಸೆಕೆಂಡಿನಷ್ಟು ಹೊತ್ತು ಒಬ್ಬರಿಗೇ ಕೊಟ್ಟು, ಮರುಕ್ಷಣ ಇನ್ನೊಬ್ಬರಿಗೆ ಕೊಡುತ್ತದೆ. ಸರದಿ ಎಂದರೆ ಇದೇ ತಾನೆ? ಟಿಡಿಎಂಎಯನ್ನು ಸೋಲಿಸಲು ಹೊರಟವರ ಮನೆಯಲ್ಲೇ ಅದು ಬೇರೆ ಹೆಸರಿನಲ್ಲಿ ಹುಟ್ಟಿಬಂತು.

ಒಎಫ್‌ಡಿಎಂಎಯ ಬೇರು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲಿ ಬರೆದ ಪ್ರಬಂಧ. ಅಗಲವಾದ ಪಟ್ಟಿಯನ್ನು ಬಹಳ ಕಿರಿದಾದ ನೂರಾರು ಎಳೆಗಳಾಗಿ ಸೀಳುವುದು. ಆದರೆ ಎಳೆಗಳ ನಡುವಿನ ಅಂತರವನ್ನು ಎಷ್ಟು ಕರಾರುವಾಕ್ಕಾಗಿ ಇಡಬೇಕೆಂದರೆ, ಒಂದರ ಮೇಲೊಂದು ಹಾಸಿದ್ದರೂ ಒಂದರ ಶಿಖರದಲ್ಲಿ ಉಳಿದವೆಲ್ಲ ಸೊನ್ನೆಯಾಗಿರಬೇಕು. ಫಿಲ್ಟರುಗಳಿಂದ ಇದನ್ನು ಮಾಡಹೋದರೆ ಕೋಣೆ ತುಂಬುವಷ್ಟು ಯಂತ್ರ ಬೇಕು. 1971ರಲ್ಲಿ ವೈನ್‌ಸ್ಟೈನ್ ಮತ್ತು ಈಬರ್ಟ್ ಇದನ್ನು ಬರೀ ಗಣಿತದಿಂದ ಮಾಡಬಹುದೆಂದು ತೋರಿಸಿದರು. ಆ ಗಣಿತವನ್ನು ಅಂಗೈಯೊಳಗೆ ಸೆಕೆಂಡಿಗೆ ಸಾವಿರಾರು ಸಲ ಮಾಡುವ ಅಗ್ಗದ ಚಿಪ್ ಬರಲು ಮತ್ತೆ ಮೂರು ದಶಕ ಹಿಡಿಯಿತು. ಫಿಲ್ಟರ್, ಗಡಿಯಾರ, ಶಕ್ತಿಯ ಹತೋಟಿ ಎಂದು ಅಲೆದ ಭಾರ ಕೊನೆಗೆ ಸಿಲಿಕಾನ್ ಮೇಲೆ ಬಂದು ಕೂತಿತು, ಆ ಹೊತ್ತಿಗೆ ಸಿಲಿಕಾನ್ ಎಲ್ಲಕ್ಕಿಂತ ಸೋವಿಯಾಗಿತ್ತು. ಐಐಟಿ ದೆಹಲಿಯಲ್ಲಿ ಓದಿದ ರಾಜೀವ್ ಲರೋಯಾ ಬೆಲ್ ಲ್ಯಾಬ್ಸ್‌ನಿಂದ ಹೊರಬಂದು 2000ದಲ್ಲಿ ಕಟ್ಟಿದ ಫ್ಲೇರಿಯನ್ ಕಂಪನಿ ಮೊಬೈಲಿಗೆ ಇದೇ ಸರಿಯಾದ ದಾರಿಯೆಂದು ಹೇಳುತ್ತ ಬಂದಿತ್ತು. ಆ ಕಂಪನಿಯನ್ನು ಕೊಂಡದ್ದು ಬೇರೆ ಯಾರೂ ಅಲ್ಲ, ಕ್ವಾಲ್‌ಕಾಮ್. 2008ರ ನವೆಂಬರಿನಲ್ಲಿ ಅದು ತನ್ನದೇ ನಾಲ್ಕನೇ ತಲೆಮಾರಿನ ಯೋಜನೆ ಕೈಬಿಟ್ಟು, ಯುರೋಪ್ ಮುಂದಿಟ್ಟ ಎಲ್‌ಟಿಇಗೆ ತಲೆಬಾಗಿತು.

ಎಲ್‌ಟಿಇ ನಡೆಯುವುದೂ ಒಎಫ್‌ಡಿಎಂಎ ಮೇಲೆಯೇ. ಅದರಲ್ಲಿ ಎಳೆಯೊಂದರ ಅಗಲ 15 ಕಿಲೋಹರ್ಟ್ಸ್, ಹನ್ನೆರಡು ಎಳೆ ಸೇರಿ ಒಂದು ಕಟ್ಟು. ಯಾವ ಕಟ್ಟು ಯಾರಿಗೆ ಎಂದು ಟವರ್ ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ತೀರ್ಮಾನಿಸುತ್ತದೆ. 1983ರ ಫ್ರೀಕ್ವೆನ್ಸಿ ಪಾಲೂ 1987ರ ಸಮಯದ ಪಾಲೂ ಇಲ್ಲಿ ಒಂದೇ ಚೌಕಳಿಯಲ್ಲಿ ಕೂತಿವೆ. ಫೋನಿನಿಂದ ಟವರ್‌ಗೆ ಹೋಗುವ ದಾರಿಯಲ್ಲಿ ಮಾತ್ರ, ಬ್ಯಾಟರಿ ಬೇಗ ಬರಿದಾಗದಿರಲೆಂದು, ಇದರದೇ ತುಸು ಬದಲಾದ ರೂಪ ಇದೆ. ಇನ್ನು ಫೋನು ಮೊಟ್ಟಮೊದಲು ‘ನಾನಿಲ್ಲಿದ್ದೇನೆ’ ಎಂದು ಟವರನ್ನು ಕೂಗುತ್ತದಲ್ಲ, ಆಗ ಅದಕ್ಕೆ ಎಳೆಯೂ ಸಿಕ್ಕಿಲ್ಲ, ಸರದಿಯೂ ಸಿಕ್ಕಿಲ್ಲ. ಅಲ್ಲಿ ನಡೆಯುವುದು ಹವಾಯಿಯಲ್ಲಿ ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ದ್ವೀಪಗಳ ಕಂಪ್ಯೂಟರುಗಳನ್ನು ಜೋಡಿಸಲು ಬಳಸಿದ ಅಲೋಹಾ ಪದ್ಧತಿಯ ವಂಶದ್ದು: ಕೂಗು, ಇನ್ನೊಬ್ಬರ ಕೂಗಿಗೆ ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕೂಗು. ಚಾನೆಲ್ಲಿನ ಶೇ 18ರಷ್ಟನ್ನು ಮಾತ್ರ ಬಳಸಬಲ್ಲ ಪದ್ಧತಿ ಅದು. ಜಿಎಸ್‌ಎಂನಿಂದ 5ಜಿವರೆಗೆ ಒಬ್ಬರೂ ಅದನ್ನು ಪೂರ್ತಿ ಬಿಟ್ಟಿಲ್ಲ.

ಮೊದಲ ಎಲ್‌ಟಿಇ ಸೇವೆ 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ ಬಂತು. ಭಾರತದಲ್ಲಿ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಿಂದ ಶುರುಮಾಡಿದ ಏರ್‌ಟೆಲ್ ಮುಂದಿನ ತಿಂಗಳೇ ಬೆಂಗಳೂರಿಗೆ ತಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಾಗ ಅದರ ಬಳಿ 2ಜಿ, 3ಜಿ ಯಾವುದೂ ಇರಲಿಲ್ಲ, ಮಾತೂ ಡೇಟಾ ಆಗಿಯೇ ಹೋಗುತ್ತಿತ್ತು. ಅದೇ ವರ್ಷ ಅಣ್ಣ ಮುಕೇಶ್ ಅಂಬಾನಿಯ ಜಿಯೊ ಹೊರಬಂದಾಗ ತಮ್ಮ ಅನಿಲ್ ಅಂಬಾನಿಯ ರಿಲಯನ್ಸ್ ತನ್ನ ಸಿಡಿಎಂಎ ಮುಚ್ಚಿತು. ಅಮೆರಿಕದ ಹಳೆಯ 30 ಕಿಲೋಹರ್ಟ್ಸ್ ಸೇವೆ 2008ರಲ್ಲೇ ಕಣ್ಮುಚ್ಚಿತ್ತು. ಅಲ್ಲಿನ ವೆರೈಜಾನ್ ಕೊನೆಯ ಸಿಡಿಎಂಎ ಟವರ್‌ಗಳನ್ನು ಆರಿಸಿದ್ದು 2022ರ ಕೊನೆಯ ದಿನ. ಮಡೈರಾದಲ್ಲಿ ಇಬ್ಬರು ಮುನಿಸಿಕೊಂಡು ಎದ್ದ ಆ ಎಂಟು ಸರದಿಯ ಜಿಎಸ್‌ಎಂ ಮಾತ್ರ ಭಾರತದಲ್ಲಿ ಇನ್ನೂ ನಡೆಯುತ್ತಿದೆ. ಕೀಪ್ಯಾಡ್ ಫೋನು ಹಿಡಿದ ಕೋಟ್ಯಂತರ ಮಂದಿಯ ಮಾತು ಇಂದಿಗೂ 577 ಮೈಕ್ರೊಸೆಕೆಂಡಿನ ಪೊಟ್ಟಣಗಳಲ್ಲೇ ಹೋಗುತ್ತಿದೆ, ಅದನ್ನು ಯಾವಾಗ ನಿಲ್ಲಿಸಬೇಕೆಂಬ ಚರ್ಚೆ ಕಂಪನಿಗಳ ನಡುವೆ ಇನ್ನೂ ಮುಗಿದಿಲ್ಲ.